ನಾಲ್ಕನೇ ಪ್ಯಾರಾದಿಂದ ಶುರುಮಾಡಿ

ನಮಸ್ಕಾರ,

ಆನ್ ಥಾರ್ನ್ಸ್ ಐ ಲೇ ಬ್ಯಾಂಡಿನ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕುವುದಕ್ಕೆ ಆಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಕೊನೆಯ ಸಾಲಿನವರೆಗೆ ನಿಮ್ಮನ್ನು ಕಾಯಿಸುವುದು ಸರಿಯಲ್ಲ. ಹಾಗಂತ ಎರಡು ಸಾಲು ಗೀಚಿ ವಾಪಸ್ ಕಳಿಸಲೂ ಮನಸ್ಸಾಗಲಿಲ್ಲ. ಗ್ರೀಸಿನ ಒಂದು ಗಾಥಿಕ್ ಡೂಮ್ ಮೆಟಲ್ (ನಿಧಾನಗತಿಯ, ಭಾರವಾದ, ಶೋಕದ ರಾಕ್) ಬ್ಯಾಂಡಿನ ಮೇಲೆ ಕನ್ನಡದಲ್ಲಿ ಹದಿನಾಲ್ಕು ಪುಟ ಬರೆಯುವ ಹುಚ್ಚು ಎಷ್ಟು ಜನಕ್ಕಿರುತ್ತದೆ ಹೇಳಿ? ಅದಕ್ಕೇ ಇಷ್ಟುದ್ದದ ಉತ್ತರ.

ನಿಮ್ಮ ಮೊದಲ ಮೂರು ಪ್ಯಾರಾಗಳಲ್ಲಿ ಸಾಕ್ರೆಟಿಸ್ ಇದ್ದಾನೆ. ಪಾರ್ಥೆನಾನ್ ಇದೆ. ಒಲಿಂಪಿಕ್ಸ್ ಕೂಡ ಇದೆ. ಬ್ಯಾಂಡ್ ಮಾತ್ರ ಇಲ್ಲ. ಊಟಕ್ಕೆ ಅಂತ ಕರೆದು, ಬಾಗಿಲಲ್ಲೇ ನಿಲ್ಲಿಸಿ ಮನೆತನದ ಚರಿತ್ರೆ ಹೇಳಿದ ಹಾಗಾಯಿತು. ನಾಲ್ಕನೇ ಪ್ಯಾರಾದಲ್ಲಿ ನೀವು ರಾತ್ರಿ ಬಸ್ಸಿನಲ್ಲಿ ಕೂತಿದ್ದೀರಿ. ಸರಿಯಾಗಿ ಮುಚ್ಚದ ಕಿಟಕಿಯಿಂದ ಮಳೆನೀರು ತೊಟ್ಟಿಕ್ಕುತ್ತಿದೆ. ಗೆಳೆಯನ ಇಯರ್‌ಫೋನಿನ ಒಂದು ತುದಿ ನಿಮ್ಮ ಕಿವಿಯಲ್ಲಿ, ಇನ್ನೊಂದು ಅವನ ಕಿವಿಯಲ್ಲಿ. ಒಂದು ಗಿಟಾರ್ ನಿಮಗೆ, ಇನ್ನೊಂದು ಅವನಿಗೆ. ಹಾಗೆ ಅರ್ಧಂಬರ್ಧ ಕೇಳಿದ್ದೇ ಒರಾಮಾ ಆಲ್ಬಮ್. ಲೇಖನ ಇಲ್ಲಿಂದ ಶುರುವಾಗಬೇಕು. ಮೇಲಿನ ಮೂರು ಪ್ಯಾರಾ ತೆಗೆದುಹಾಕಿ. ಸಾಕ್ರೆಟಿಸ್‌ಗೆ ಬೇಜಾರಾಗಲ್ಲ.

ಈಗ ದೊಡ್ಡ ತಕರಾರು. 'ಇಲ್ಲಿ ಬ್ಯಾಂಡಿನ ಧ್ವನಿ ಬದಲಾಯಿತು' ಅನ್ನುವ ಮಾತು ನಿಮ್ಮ ಲೇಖನದಲ್ಲಿ ಹನ್ನೊಂದು ಕಡೆ ಇದೆ. ಎಣಿಸಿದೆ. ಏನು ಬದಲಾಯಿತು ಅಂತ ಒಂದು ಕಡೆಯೂ ಇಲ್ಲ. ಗಂಟಲೇ? ಲಯವೇ? ಗಿಟಾರಿನ ತೂಕವೇ? ಜೊತೆಗಿದ್ದ ವಯಲಿನ್ ಹಿಂದೆ ಸರಿಯಿತೇ, ಮುಂದೆ ಬಂತೇ? ಡೂಮ್ ಅಂದರೇನು ಅಂತ ಗೊತ್ತಿಲ್ಲದ ಓದುಗನಿಗೆ 'ಬದಲಾಯಿತು' ಅಂದರೆ ಏನೂ ಹೇಳಿದ ಹಾಗಲ್ಲ. ಗೊತ್ತಿರುವವನಿಗಂತೂ ಅದು ಹಳೇ ಸುದ್ದಿ.

ಒಂದು ವಾಕ್ಯ ಹಿಡಿದು ನೋಡೋಣ. ಒರಾಮಾ ಬಗ್ಗೆ ನೀವು ಬರೆದಿದ್ದೀರಿ: 'ಸಾಗರದ ಅಲೆಗಳಂತೆ ಈ ಆಲ್ಬಮ್ ನಮ್ಮ ಆತ್ಮವನ್ನು ತಟ್ಟುತ್ತದೆ.' ಇದನ್ನು ಯಾವ ಆಲ್ಬಮಿಗೆ ಬೇಕಾದರೂ ಅಂಟಿಸಬಹುದು. ಸೋಪಿನ ಜಾಹೀರಾತಿಗೂ ನಡೆಯುತ್ತದೆ. ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ: 'ಡ್ರಮ್ಮಿನ ಏಟು ನಿಧಾನಕ್ಕೆ ಬೀಳುತ್ತದೆ. ಒಂದು ಬಿದ್ದಮೇಲೆ ಇನ್ನೊಂದಕ್ಕೆ ಕಾಯಬೇಕು. ಆ ನಡುವೆ ಗಿಟಾರ್ ಒಂದೇ ಸ್ವರ ಹಿಡಿದು ನರಳುತ್ತದೆ. ಮೇಲೆ ವಯಲಿನ್. ಗಂಡು ದನಿ ಗಂಟಲಾಳದಿಂದ ಗುರುಗುಟ್ಟುತ್ತದೆ, ಹೆಣ್ಣು ದನಿ ಅದಕ್ಕೆ ಉತ್ತರ ಕೊಡದೆ ತನ್ನ ಪಾಡಿಗೆ ಹಾಡುತ್ತದೆ.' ಇದು ದೊಡ್ಡ ಸಾಹಿತ್ಯ ಅಲ್ಲ. ಆದರೆ ಓದಿದವನ ಕಿವಿಗೆ ಏನೋ ಒಂದು ಬಿತ್ತು, ಅಲ್ವಾ? ಮತ್ತೆ ಕೇಳುವಾಗ ಮೇಜಿನ ಮೇಲೆ ಬೆರಳಿನಿಂದ ತಾಳ ಹಾಕಿ. ಯಾವ ಹಾಡಿಗೆ ಬೆರಳು ಸುಸ್ತಾಗುತ್ತದೆ, ಯಾವುದಕ್ಕೆ ಕಾದು ಕೂರುತ್ತದೆ ಅನ್ನುವುದನ್ನು ಬರೆದುಕೊಳ್ಳಿ. ಅರ್ಧ ಕೆಲಸ ಅಲ್ಲೇ ಮುಗಿಯಿತು.

ಹಾಂ, ಒರಾಮಾ ಅಂದರೆ ನಾಟಕ ಅಲ್ಲ. ಡ್ರಾಮಾ ಜೊತೆ ಗೊಂದಲ ಮಾಡಿಕೊಂಡಿದ್ದೀರಿ. ಅದು ಕಾಣ್ಕೆ. ಕಣ್ಣಿಗೆ ಕಂಡದ್ದು, ಕನಸಿನಲ್ಲಿ ಕಂಡದ್ದು, ಎರಡಕ್ಕೂ ನಡೆಯುವ ಪದ. ಈ 1997ರ ಆಲ್ಬಮ್ ಅಟ್ಲಾಂಟಿಸ್ ಅನ್ನುವ ಮುಳುಗಿದ ದ್ವೀಪದ ಸುತ್ತ ಹೆಣೆದದ್ದು. ಅಟ್ಲಾಂಟಿಸ್ ಹೆಸರಿನಲ್ಲೇ ಮೂರು ಭಾಗಗಳಿವೆ. ಆ ದ್ವೀಪದ ಕತೆ ಹೇಳಿದವನು ಪ್ಲೇಟೋ, ಟಿಮೇಯಸ್ ಮತ್ತು ಕ್ರಿಟಿಯಸ್ ಅನ್ನುವ ಎರಡು ಸಂವಾದಗಳಲ್ಲಿ. ನಿಮಗೆ ಪ್ರಾಚೀನ ಗ್ರೀಸ್ ಬೇಕೇ ಬೇಕು ಅನ್ನಿಸಿದರೆ ಅದನ್ನು ಇಲ್ಲಿ ತನ್ನಿ. ಇಲ್ಲಿ ಅದಕ್ಕೆ ಕೆಲಸ ಇದೆ.

ನೀವು ಕಂಡೂ ಬಿಟ್ಟಿರುವ ಒಂದು ವಿಷಯ ಇದೆ. ಈ ಹುಡುಗರು 1992ರಲ್ಲಿ ಅಥೆನ್ಸ್‌ನಲ್ಲಿ ಶುರುಮಾಡಿದಾಗ ಬ್ಯಾಂಡಿನ ಹೆಸರು ಪ್ಯಾರಲಿಸಿಸ್. ಆಮೇಲೆ ಫ್ಲೆಬಾಟಮಿ, ಅಂದರೆ ನರ ಚುಚ್ಚಿ ರಕ್ತ ತೆಗೆಯುವುದು. ಇದನ್ನು ನೀವು ಆವರಣದೊಳಗೆ ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ಸ್ವಲ್ಪ ನಿಲ್ಲಿ. ಲಕ್ವ, ರಕ್ತ. ಎರಡೂ ಆಸ್ಪತ್ರೆ ಮಾತು, ಡೆತ್ ಮೆಟಲ್ ಹುಡುಗರಿಗೆ ತುಂಬಾ ಪ್ರೀತಿಯ ಮಾತು. ಮಜಾ ಅಂದರೆ ಎರಡೂ ಗ್ರೀಕ್ ಪದಗಳೇ, ಡಾಕ್ಟರುಗಳ ಬಾಯಿಂದ ಊರೆಲ್ಲ ಸುತ್ತಿದವು. ಅಲ್ಲಿಂದ 1995ರ ಹೊತ್ತಿಗೆ 'ಮುಳ್ಳಿನ ಮೇಲೆ ಮಲಗಿದ್ದೇನೆ' ಅನ್ನುವ ಅರ್ಥದ ಹೆಸರಿಗೆ ಬಂದರು. ಆಸ್ಪತ್ರೆಯಿಂದ ಕವಿತೆಗೆ. ಅದೇ ವರ್ಷ ಮೊದಲ ಆಲ್ಬಮ್, ಸೌಂಡ್ಸ್ ಆಫ್ ಬ್ಯೂಟಿಫುಲ್ ಎಕ್ಸ್‌ಪೀರಿಯೆನ್ಸ್. ಅವರು ಎತ್ತ ಹೊರಟಿದ್ದರು ಅನ್ನುವುದು ಬೋರ್ಡ್ ಬದಲಾಯಿಸಿದಾಗಲೇ ಗೊತ್ತಾಗುತ್ತಿತ್ತು. ಇದಕ್ಕೆ ಒಂದು ಪೂರ್ತಿ ಪ್ಯಾರಾ ಕೊಡಿ.

ಇನ್ನು 1999ರ ಕ್ರಿಸ್ಟಲ್ ಟಿಯರ್ಸ್. ಇಲ್ಲಿ ನಿಮಗೆ ಕೋಪ ಬಂದಿದೆ. ಗರ್ಜನೆ ಹಿಂದೆ ಸರಿದು ಸಾದಾ ಹಾಡುವ ದನಿ ಮುಂದೆ ಬಂತು, ಎಲ್ಲ ಮೆತ್ತಗಾಯಿತು ಅನ್ನುವುದು ಸರಿ. ಆದರೆ ತಕ್ಷಣ 'ದುಡ್ಡಿಗೆ ಮಾರಿಕೊಂಡರು' ಅಂತ ತೀರ್ಪು ಕೊಟ್ಟುಬಿಟ್ಟಿರಿ. ಯಾವ ದುಡ್ಡು ಸ್ವಾಮಿ? ಆಲ್ಬಮ್ ತಂದದ್ದು ಹೋಲಿ ರೆಕಾರ್ಡ್ಸ್ ಅನ್ನುವ ಫ್ರಾನ್ಸಿನ ಸಣ್ಣ ಕಂಪನಿ. ಗ್ರೀಸಿನ ಸೆಪ್ಟಿಕ್ ಫ್ಲೆಶ್, ನೈಟ್‌ಫಾಲ್ ಬ್ಯಾಂಡ್‌ಗಳ ಆಲ್ಬಮ್‌ಗಳನ್ನೂ ಅವರೇ ತಂದಿದ್ದರು. ಬಂಗಲೆ ಕಟ್ಟಿಸುವಂಥ ವ್ಯಾಪಾರ ಅಲ್ಲ ಅದು.

ಕೋಪ ಬಿಟ್ಟು ಅಕ್ಕಪಕ್ಕದ ಮನೆ ನೋಡಿ. ಈ ಥರದ ಸಂಗೀತಕ್ಕೆ ಹೆಸರು ಕೊಟ್ಟದ್ದೇ 1991ರ ಗಾಥಿಕ್ ಅನ್ನುವ ಆಲ್ಬಮ್. ಅದನ್ನು ಮಾಡಿದ ಇಂಗ್ಲೆಂಡಿನ ಪ್ಯಾರಡೈಸ್ ಲಾಸ್ಟ್ 1999ರಲ್ಲಿ ಹೋಸ್ಟ್ ಅನ್ನುವ ಆಲ್ಬಮ್ ಮಾಡಿದಾಗ ಸಿಂಥಸೈಜರ್ ಮುಂದಿತ್ತು, ಗಿಟಾರ್ ಹಿಂದಿತ್ತು. ಲಿವರ್‌ಪೂಲಿನ ಅನಾಥೆಮಾ ಅಷ್ಟರೊಳಗೆ ಗರ್ಜನೆ ಬಿಟ್ಟಾಗಿತ್ತು. ನಾರ್ವೆಯ ಥಿಯೇಟರ್ ಆಫ್ ಟ್ರ್ಯಾಜಿಡಿ 2000ದಲ್ಲಿ ಪೂರ್ತಿ ಎಲೆಕ್ಟ್ರಾನಿಕ್ ಕಡೆ ವಾಲಿತು. ಅಥೆನ್ಸಿನಲ್ಲೇ, ಬ್ಲ್ಯಾಕ್ ಮೆಟಲ್‌ಗೆ ಹೆಸರಾದ ರಾಟಿಂಗ್ ಕ್ರೈಸ್ಟ್ 1997ರ ಎ ಡೆಡ್ ಪೋಯೆಮ್‌ನಲ್ಲಿ ಗಾಥಿಕ್ ಆಯಿತು. ಸೆಪ್ಟಿಕ್ ಫ್ಲೆಶ್ ಕೂಡ 1999ರಲ್ಲಿ ರೆವಲ್ಯೂಷನ್ ಡಿಎನ್‌ಎ ಅನ್ನುವ ಆಲ್ಬಮಿನಲ್ಲಿ ಬೇರೆ ದಾರಿ ಹಿಡಿಯಿತು. ಎರಡು ಮೂರು ವರ್ಷದಲ್ಲಿ ಇಡೀ ಬೀದಿಯೇ ಬಣ್ಣ ಬದಲಾಯಿಸಿದೆ. ನೀವು ಒಂದು ಮನೆಯವರನ್ನು ಮಾತ್ರ ಹಿಡಿದು ಬೈಯುತ್ತಿದ್ದೀರಿ. ಯಾಕೆ ಬದಲಾದರು ಅಂತ ಅವರೇ ಹೇಳಿದ್ದು ನಿಮ್ಮ ಕೈಲಿದ್ದರೆ ಹಾಕಿ. ಇಲ್ಲದಿದ್ದರೆ ಈ ಬೀದಿಯನ್ನು ತೋರಿಸಿ ಸುಮ್ನೆ ಮುಂದೆ ಹೋಗಿ. ಮನಸ್ಸಿನೊಳಗೆ ಏನಿತ್ತು ಅಂತ ಹೇಳುವುದು ಕಾದಂಬರಿಕಾರರ ಕೆಲಸ.

ನನಗೆ ಕ್ರಿಸ್ಟಲ್ ಟಿಯರ್ಸ್ ಇಷ್ಟ, ಅದನ್ನೂ ಹೇಳಿಬಿಡುತ್ತೇನೆ. ಹಾಗಾಗಿ ಸ್ವಲ್ಪ ಪಕ್ಷಪಾತ ಇರಬಹುದು.

2000ದ ಫ್ಯೂಚರ್ ನಾರ್ಕೋಟಿಕ್, ಆಮೇಲಿನ ಏಂಜೆಲ್‌ಡಸ್ಟ್, 2003ರ ಇಗೋಸೆಂಟ್ರಿಕ್. ಈ ಮೂರಕ್ಕೆ ನೀವು ಐದು ಪುಟ ಕೊಟ್ಟಿದ್ದೀರಿ, ಹಾಡಿಗೊಂದು ಪ್ಯಾರಾ, ಕೊನೆಗೆ ಹತ್ತಕ್ಕೆ ಇಷ್ಟು ಅಂತ ಅಂಕ. ಪರೀಕ್ಷೆ ಪೇಪರ್ ತಿದ್ದಿದ ಹಾಗಿದೆ. ಒಂದೇ ಪ್ಯಾರಾ ಸಾಕು. ಮೆಟಲ್ ಕಡಿಮೆಯಾಗುತ್ತಾ ರಾಕ್ ಜಾಸ್ತಿಯಾಗುತ್ತಾ ಹೋಯಿತು, ಅಷ್ಟೇ. ಆಮೇಲೆ ಉದ್ದದ ಮೌನ. 2015ರಲ್ಲಿ ಎಟರ್ನಲ್ ಸೈಲೆನ್ಸ್ ಆಲ್ಬಮ್.

ನಿಜವಾಗಿ ಜಾಗ ಬೇಕಾಗಿರುವುದು 2018ರ ಈಜಿಯನ್ ಸಾರೋ, ಅಂದರೆ ಈಜಿಯನ್ ಸಮುದ್ರದ ದುಃಖ, ಅನ್ನುವ ಆಲ್ಬಮಿಗೆ. ಗರ್ಜನೆ ಮರಳಿತು, ಹಾಡುಗಳು ಉದ್ದವಾದವು, ಲಯ ಮತ್ತೆ ಕಾಲೆಳೆಯಿತು. ನೀವು ಇದನ್ನು 'ಮರಳಿ ಮನೆಗೆ' ಅಂದಿದ್ದೀರಿ. ತಲೆಬರಹವೂ ಅದೇ. ಚೆನ್ನಾಗಿ ಕೇಳಿಸುತ್ತದೆ, ಅದಕ್ಕೇ ನನಗೆ ಅನುಮಾನ. ಯಾವ ಮನೆಗೆ ಮರಳಿದರು? ಮೊದಲ ದಶಕದಲ್ಲಿ ಒರಾಮಾ ಅನ್ನುವ ಪದ ಬಿಟ್ಟರೆ ಹಾಡುಗಳ ಹೆಸರು ಹೆಚ್ಚುಕಡಿಮೆ ಎಲ್ಲ ಇಂಗ್ಲಿಷ್. ಕಿವಿಯಲ್ಲಿ ಇದ್ದದ್ದು ಉತ್ತರ ಇಂಗ್ಲೆಂಡಿನ ಮಳೆ. ಈಜಿಯನ್ ಸಾರೋದಲ್ಲಿ ನೋಡಿ: ಎರೆವೋಸ್, ಒಲೆಥ್ರೋಸ್, ಸ್ಕೋಟೋಸ್. ಪಾತಾಳದ ಕತ್ತಲು, ಸರ್ವನಾಶ, ಬರೀ ಕತ್ತಲು. 2020ರ ಆಲ್ಬಮಿನ ಹೆಸರೇ ಥ್ರೀನೋಸ್. ಅದರೊಳಗೆ ಎರಿನ್ನಿಯೆಸ್, ಮೀಸೋಸ್, ಒಡಿಸ್ಸಿಯಾ. ಸೇಡಿನ ದೇವತೆಗಳು, ದ್ವೇಷ, ಒಡಿಸ್ಸಿ. ಥ್ರೀನೋಸ್ ಅಂದರೆ ಸತ್ತವರ ಮುಂದೆ ಹಾಡುವ ಶೋಕದ ಹಾಡು. ಹೋಮರನ ಇಲಿಯಡ್ ಕಾವ್ಯದ ಕೊನೆಯಲ್ಲಿ ಟ್ರಾಯ್‌ನ ವೀರ ಹೆಕ್ಟರನ ಹೆಣದ ಪಕ್ಕ ಹಾಡುಗಾರರನ್ನು ಕೂರಿಸುತ್ತಾರೆ. ಅವರು ಥ್ರೀನೋಸ್ ಎತ್ತಿಕೊಡುತ್ತಾರೆ, ಹೆಂಗಸರು ಗೋಳಿಟ್ಟು ದನಿಗೂಡಿಸುತ್ತಾರೆ. ಒರಾಮಾದಲ್ಲಿ ಗಂಡು ದನಿ, ಹೆಣ್ಣು ದನಿ ಒಟ್ಟಿಗೆ ಕೇಳಿದ ನಿಮಗೆ ಇಲ್ಲಿ ಏನೂ ಹೊಳೆಯಲಿಲ್ಲವೇ?

ಚಿಕ್ಕ ವಯಸ್ಸಿನಲ್ಲಿ ಪರದೇಶದವರ ಹಾಗೆ ಕೇಳಿಸಬೇಕು ಅಂತ ಆಸೆ. ವಯಸ್ಸಾದಮೇಲೆ ಸ್ವಂತ ಮಾತು ನಾಲಿಗೆಗೆ ಬಂತು. ಇದು ನನಗೆ ತೋಚಿದ್ದು. ಆದರೆ ಸೀಸನ್ ಆಫ್ ಮಿಸ್ಟ್ ಕಂಪನಿಯಿಂದ 2023ರಲ್ಲಿ ಬಂದ, ಬ್ಯಾಂಡಿನ ಹೆಸರನ್ನೇ ಹೊತ್ತ ಆಲ್ಬಮಿನಲ್ಲಿ ಹಾಡುಗಳ ಹೆಸರು ಮತ್ತೆ ಇಂಗ್ಲಿಷಿಗೇ ಬಂದಿವೆ. ಫಾಲನ್ ಫ್ರಮ್ ಗ್ರೇಸ್, ನ್ಯೂಬಾರ್ನ್ ಸ್ಕೈಸ್, ಅಮಂಗ್ ದ ವುಲ್ವ್ಸ್. ನನ್ನ ಥಿಯರಿಗೂ ಕಲ್ಲು ಬಿತ್ತು. ನೀವು ಇದನ್ನು ಮುಚ್ಚಿಡಬೇಡಿ, ಹೊಂದದೇ ಇರುವುದನ್ನೂ ಬರೆಯಿರಿ.

ಸಣ್ಣಪುಟ್ಟವು ಕೆಲವು. ಈಜಿಯನ್ ಸಾರೋ ಹೆಸರು ಏಜಿಯಸ್ ರಾಜನ ಕತೆಯಿಂದ ಬಂತು ಅಂತ ಖಡಾಖಂಡಿತವಾಗಿ ಹೇಳಿದ್ದೀರಿ. ಮಗ ಥೀಸಿಯಸ್ ಹಡಗಿನ ಕಪ್ಪು ಹಾಯಿ ಬದಲಾಯಿಸಲು ಮರೆತ. ದೂರದಿಂದ ನೋಡಿದ ಅಪ್ಪ, ಮಗ ಸತ್ತ ಅಂದುಕೊಂಡು ಸಮುದ್ರಕ್ಕೆ ಹಾರಿದ. ಕತೆ ಚೆಂದ ಇದೆ, ನಿಮ್ಮ ಊಹೆಯೂ ಚೆಂದ ಇದೆ. ಊಹೆ ಅಂತಲೇ ಬರೆಯಿರಿ.

ಗರ್ಜನೆಯನ್ನು ಯಕ್ಷಗಾನದ ಬಣ್ಣದ ವೇಷದ ಅಬ್ಬರಕ್ಕೆ ಹೋಲಿಸಿದ್ದೀರಿ. ಓದಿ ಖುಷಿಯಾಯಿತು, ಆಮೇಲೆ ಯೋಚಿಸಿದೆ. ಬಣ್ಣದ ವೇಷ ಅಬ್ಬರಿಸುವುದು ಎದುರಿನವರನ್ನು ಹೆದರಿಸಲು. ಇಲ್ಲಿ ಗುರುಗುಟ್ಟುವವನು ಯಾರನ್ನೂ ಹೆದರಿಸುತ್ತಿಲ್ಲ, ತಾನೇ ಅಳುತ್ತಿದ್ದಾನೆ. ಆ ವ್ಯತ್ಯಾಸ ಸೇರಿಸಿದರೆ ಹೋಲಿಕೆ ಇಟ್ಟುಕೊಳ್ಳಿ.

ಹದಿನಾಲ್ಕು ಪುಟದಲ್ಲಿ ಬ್ಯಾಂಡಿನ ಒಬ್ಬ ಮನುಷ್ಯನ ಹೆಸರೂ ಇಲ್ಲ. ಮೊದಲಿನಿಂದ ಗಿಟಾರ್ ಹಿಡಿದಿರುವ ಕ್ರಿಸ್ ಡ್ರಾಗಮೆಸ್ತಿಯಾನೋಸ್ ಇದ್ದಾನೆ, ಶುರುವಿನ ದಿನಗಳ ದನಿ ಸ್ಟೆಫಾನೋಸ್ ಕಿಂಟ್ಜೋಗ್ಲೂ ಇದ್ದಾನೆ. ಬ್ಯಾಂಡ್ ತಾನಾಗಿ ನುಡಿಯುವುದಿಲ್ಲ.

ತಿದ್ದಿ ಕಳಿಸಿ, ಆರು ಪುಟ ದಾಟದಿರಲಿ. ತಲೆಬರಹ ಬೇರೆ ಹುಡುಕಿ. ಥ್ರೀನೋಸ್ ಅನ್ನು ಒಂದು ಕಡೆ ತ್ರೆನೊಸ್, ಇನ್ನೊಂದು ಕಡೆ ಥ್ರಿನಸ್ ಅಂತ ಬರೆದಿದ್ದೀರಿ, ಒಂದೇ ಇಟ್ಟುಕೊಳ್ಳಿ. ಮತ್ತೆ ಆ ರಾತ್ರಿ ಬಸ್ಸು ಎಲ್ಲಿಂದ ಎಲ್ಲಿಗೆ ಹೊರಟಿತ್ತು ಅಂತ ಎಲ್ಲೂ ಇಲ್ಲ. ಅದು ಬೇಕು.