ಕಲ್ಪೆಪರ್‌ನ ಕೆಂಪು ಮಣ್ಣಲ್ಲಿ ಎಲ್ಲವೂ ಕಬ್ಬಿಣವೇ?

ವರ್ಜೀನಿಯಾದ ಕಲ್ಪೆಪರ್ ಹತ್ತಿರ ಸ್ನೇಹಿತರ ಹೊಲದಲ್ಲಿ ನಿಮ್ಮ ವಿಎಲ್‌ಎಫ್ ಡಿಟೆಕ್ಟರ್ (ತೀರಾ ಕಡಿಮೆ ಆವರ್ತನದಲ್ಲಿ ಕೆಲಸ ಮಾಡುವ ಸಾಮಾನ್ಯ ಲೋಹಶೋಧಕ) ಎಲ್ಲವನ್ನೂ ಕಬ್ಬಿಣ ಅಂತಲೇ ತೋರಿಸುತ್ತಿದೆ, ಕೆಟ್ಟಿದೆಯಾ ಅಂತ ಕೇಳಿದ್ದೀರಿ. ಕೆಟ್ಟಿಲ್ಲ. ಅಲ್ಲಿನ ಮಣ್ಣಲ್ಲೇ ಕಬ್ಬಿಣದ ಅಂಶ ಜಾಸ್ತಿ. ಗೇಣುದ್ದ ಆಳದಲ್ಲಿರುವ ಸೀಸದ ಗುಂಡೂ ತುಕ್ಕು ಹಿಡಿದ ಮೊಳೆಯ ಹಾಗೆ ಕೇಳಿಸುತ್ತದೆ.

ಮೊದಲು ಡಿಸ್ಕ್ರಿಮಿನೇಶನ್, ಅಂದರೆ ಕಬ್ಬಿಣದಂಥ ಬೇಡದ ಲೋಹದ ಸದ್ದನ್ನು ಸೋಸುವ ಸೆಟ್ಟಿಂಗ್, ಪೂರ್ತಿ ತೆಗೆದುಬಿಡಿ. ಸೆನ್ಸಿಟಿವಿಟಿ ಇಳಿಸಿ (ಏರಿಸೋಣ ಅನ್ನಿಸುತ್ತದೆ, ಬೇಡ), ಚಿಕ್ಕ ಕಾಯಿಲ್ (ನೆಲದ ಮೇಲೆ ಆಡಿಸುವ ತಟ್ಟೆ) ಹಾಕಿ. ಲೋಹವಿಲ್ಲದ ಜಾಗದಲ್ಲಿ ಕಾಯಿಲನ್ನು ಮೇಲೆ ಕೆಳಗೆ ಆಡಿಸಿ ಗ್ರೌಂಡ್ ಬ್ಯಾಲೆನ್ಸ್ ಮಾಡಿ, ಅಂದರೆ ಮಣ್ಣಿನ ಸದ್ದನ್ನು ಕಡೆಗಣಿಸುವಂತೆ ಯಂತ್ರವನ್ನು ಹೊಂದಿಸಿ. ಮಣ್ಣಿನ ಬಣ್ಣ ಬದಲಾದರೆ ಮತ್ತೆ ಮಾಡಿ. ಇಷ್ಟಾದರೂ ಆಳ ಸಿಗದಿದ್ದರೆ ಪಲ್ಸ್ ಇಂಡಕ್ಷನ್ ಯಂತ್ರವೇ ದಾರಿ. ಅದು ಒಂದು ಪಲ್ಸ್ ಕಳಿಸಿ, ಚೂರು ತಡೆದು ಕೇಳುತ್ತದೆ. ಅಷ್ಟರಲ್ಲಿ ಮಣ್ಣಿನ ಪ್ರತಿಕ್ರಿಯೆ ಬಹುಪಾಲು ಅಡಗಿ, ಲೋಹದ್ದು ಉಳಿದಿರುತ್ತದೆ. ಆದರೆ ಕಬ್ಬಿಣವನ್ನು ಬೇರ್ಪಡಿಸುವುದರಲ್ಲಿ ಅದು ಹಿಂದೆ. ಸದ್ದು ಬಂದಲ್ಲೆಲ್ಲ ಅಗೆಯಬೇಕು.

ಅಮೆರಿಕದ ಅಂತರ್ಯುದ್ಧದಲ್ಲಿ, 1863–64ರ ಚಳಿಗಾಲದಲ್ಲಿ, ಉತ್ತರದ ಸೈನ್ಯ ಆ ಸುತ್ತಲೇ ಬೀಡುಬಿಟ್ಟಿತ್ತು. ಸಿಕ್ಕ ಪ್ರತಿ ಗುಂಡು, ಸಮವಸ್ತ್ರದ ಗುಂಡಿಯ ಜಾಗ, ಆಳ ಬರೆದಿಡಿ, ದಯವಿಟ್ಟು. ಜಾಗ ತಿಳಿಯದಿದ್ದರೆ ಅದರ ಅರ್ಧ ಕಥೆ ಹೋದಂತೆಯೇ. ಮಾಲೀಕರ ಒಪ್ಪಿಗೆ ಬರಹದಲ್ಲಿರಲಿ, ಸಂರಕ್ಷಿತ ರಣರಂಗಕ್ಕೆ ಡಿಟೆಕ್ಟರ್ ಒಯ್ಯಲೇಬೇಡಿ. ಫಿರಂಗಿ ಗುಂಡು ಕಂಡರೆ ಮುಟ್ಟದೆ ದೂರ ಸರಿದು ಪೊಲೀಸರಿಗೆ ಫೋನ್ ಮಾಡಿ. ಒಳಗಿನ ಮದ್ದು ಇನ್ನೂ ಸಿಡಿಯಬಹುದು.