ಅಪವರ್ತನ ಸಿಗದೆಯೂ ವಿಭಾಜ್ಯ

ಪ್ರಶ್ನೆ: 147573952589676412927 ಅವಿಭಾಜ್ಯ ಸಂಖ್ಯೆಯಲ್ಲವೆಂಬುದು ಅದರ ಅಪವರ್ತನಗಳು ತಿಳಿಯುವ ಮೊದಲೇ ಸಾಬೀತಾಗಿತ್ತೆಂದು ಓದಿದೆ. ಇದು ಹೇಗೆ ಸಾಧ್ಯ?

ಉತ್ತರ: 21 ಅಂಕಿಗಳ ಈ ಸಂಖ್ಯೆಯು 2ರ 67ನೆಯ ಘಾತದಿಂದ 1 ಕಳೆದಾಗ ಸಿಗುವಂಥದು. ಇದು ಅವಿಭಾಜ್ಯವೆಂದು ಫ್ರಾನ್ಸಿನ ವಿದ್ವಾಂಸ ಮರ್ಸೆನ್ 1644ರಲ್ಲಿ ಹೇಳಿದ್ದರು. 1876ರಲ್ಲಿ ಫ್ರಾನ್ಸಿನ ಗಣಿತಜ್ಞ ಎದುವಾರ್ ಲೂಕಾ ಅದನ್ನು ಅಲ್ಲಗಳೆದರಾದರೂ ಒಂದೇ ಒಂದು ಅಪವರ್ತನವನ್ನೂ ತೋರಿಸಲಿಲ್ಲ. ಅವರ ವಿಧಾನದ ಈಗಿನ ರೂಪದಲ್ಲಿ, 4ರಿಂದ ಆರಂಭಿಸಿ, ಪ್ರತಿ ಬಾರಿಯೂ ವರ್ಗ ಮಾಡಿ 2 ಕಳೆದು, ಮೂಲ ಸಂಖ್ಯೆಯಿಂದ ಭಾಗಿಸಿ ಬಂದ ಶೇಷವನ್ನಷ್ಟೇ ಉಳಿಸಿಕೊಳ್ಳುತ್ತ 65 ಬಾರಿ ಸಾಗಬೇಕು. ಕೊನೆಯ ಶೇಷ ಸೊನ್ನೆಯಾದರೆ ಮಾತ್ರ ಸಂಖ್ಯೆ ಅವಿಭಾಜ್ಯ. ಇಲ್ಲಿ ಸೊನ್ನೆ ಬರುವುದಿಲ್ಲ. ಒಡೆಯುತ್ತದೆಂದು ಗೊತ್ತಾಯಿತು, ಎಲ್ಲಿ ಒಡೆಯುತ್ತದೆಂದು ಗೊತ್ತಾಗಲಿಲ್ಲ!

ಅಪವರ್ತನ ಹುಡುಕುವುದು ಬೇರೆಯೇ ಕಷ್ಟ. ಒಂದೊಂದಾಗಿ ಭಾಗಿಸುತ್ತ ಹೋದರೆ, ಅವಿಭಾಜ್ಯವೆಂದು ಖಚಿತಪಡಿಸಿಕೊಳ್ಳಲು ವರ್ಗಮೂಲದವರೆಗೆ, ಅಂದರೆ ಸುಮಾರು 1,215 ಕೋಟಿಯವರೆಗೆ ನೋಡಬೇಕಾಗುತ್ತದೆ. ಸಮಾಧಾನದ ಸಂಗತಿಯೆಂದರೆ, ಈ ಸಂಖ್ಯೆಯ ಪ್ರತಿಯೊಂದು ಅಪವರ್ತನವನ್ನೂ 134ರಿಂದ (ಘಾತ 67ರ ಎರಡರಷ್ಟು) ಭಾಗಿಸಿದಾಗ ಶೇಷ 1 ಉಳಿಯಲೇಬೇಕು. ಮಿಕ್ಕವನ್ನು ಮುಟ್ಟುವ ಅಗತ್ಯವೇ ಇಲ್ಲ. 1903ರಲ್ಲಿ ಅಮೆರಿಕದ ಗಣಿತಜ್ಞ ಫ್ರಾಂಕ್ ನೆಲ್ಸನ್ ಕೋಲ್ ಮಂಡಿಸಿದ ಉತ್ತರ ಇದು: 193707721 × 761838257287. ಮೊದಲನೆಯದು 134 × 1445580 + 1 ಎಂಬುದನ್ನು ನೀವೇ ಗುಣಿಸಿ ನೋಡಬಹುದು.

ಗುಣಲಬ್ಧವನ್ನು ಪೂರ್ತಿ ಲೆಕ್ಕ ಹಾಕಲು ಬೇಸರವಾದರೆ ಅಂಕಿಗಳನ್ನು ಕೂಡಿ: ಮೊತ್ತಗಳು 37 ಮತ್ತು 64, ಮೂಲ ಸಂಖ್ಯೆಯದು 109. ಮೂರನ್ನೂ 9ರಿಂದ ಭಾಗಿಸಿದಾಗ ಶೇಷ 1. ಅಪವರ್ತನಗಳ ಶೇಷಗಳನ್ನು ಗುಣಿಸಿದರೂ 1 × 1 = 1, ಮೂಲ ಸಂಖ್ಯೆಯ ಶೇಷಕ್ಕೆ ತಾಳೆಯಾಗುತ್ತದೆ. ಇದು ಸಾಕ್ಷ್ಯವಲ್ಲ, ತಪ್ಪು ನುಸುಳಿದ್ದರೆ ಹಿಡಿಯಬಲ್ಲ ಜರಡಿಯಷ್ಟೇ.