ರೋಜಾ ಇದ್ದಾಗ ಓಡೋದಾದ್ರೆ ಸಹರಿ ಆದಮೇಲೆ ಮಾತ್ರ ಬೇಡ

ರೋಜಾದಲ್ಲಿ (ರಂಜಾನ್‌ನ ಹಗಲು ಉಪವಾಸ) ವ್ಯಾಯಾಮ ಹೇಗೆ ಅಂತ ಕೇಳಿ ಬರೆದಿದ್ದೀರಿ. ಸಹರಿ (ಬೆಳಗಿನ ಜಾವದ ಊಟ) ಆಗಿ, ಮುಂಜಾನೆಯ ಫಜರ್ ನಮಾಜ್ ಮುಗಿಸಿ ಶಿವಮೊಗ್ಗದ ನೆಹರೂ ಸ್ಟೇಡಿಯಂನಲ್ಲಿ 5 ಕಿ.ಮೀ. ಓಟ, ಇಫ್ತಾರ್‌ಗೆ ಮುಂಚೆ ಜಿಮ್, ರಂಜಾನ್ ಮುಗಿಯೋದರೊಳಗೆ ಹೊಟ್ಟೆ ಕರಗಬೇಕು, ತೋಳು ಇಳೀಬಾರದು ಅಂತೀರಿ. ಒಂದು ಕಾಲದಲ್ಲಿ ನನ್ನ ಟೈಂಟೇಬಲ್ಲೂ ಇದೇ. ಮೊದಲು ಆ ಬೆಳಗಿನ ಓಟ ಹೊಡೆದುಹಾಕಿ.

ತೊಂದರೆ ಇರೋದು ನೀರಿನದ್ದು. ಫೆಬ್ರುವರಿ-ಮಾರ್ಚಿನಲ್ಲಿ ರಂಜಾನ್ ಬಂದರೆ ಶಿವಮೊಗ್ಗದಲ್ಲಿ ಸಹರಿ ಐದೂವರೆ ಆಸುಪಾಸಿಗೆ ಮುಗಿಯುತ್ತೆ, ರೋಜಾ ಬಿಡೋ ಹೊತ್ತಿನ ಸಂಜೆ ನಮಾಜ್, ಮಗ್ರಿಬ್, ಆರೂವರೆ ದಾಟಿದ ಮೇಲೆ. 13 ಗಂಟೆ ಗಂಟಲಿಗೆ ಹನಿ ಇಲ್ಲ. ಬೆಳಿಗ್ಗೆ ಚುಮುಚುಮು ಚಳಿ, ಬೆವರು ಕಾಣಲ್ಲ, ಬಾಯಾರಿಕೆಯೂ ಆಗಲ್ಲ. ಜನ ಮೋಸಹೋಗೋದು ಇಲ್ಲೇ. ನಂಬಿಕೆ ಬರದಿದ್ದರೆ ರೋಜಾ ಇಲ್ಲದ ದಿನ ತೂಕ ಹಾಕಿ ನೋಡಿ: ಮೂತ್ರಕ್ಕೆ ಹೋಗಿಬಂದು ಬರೀ ಚಡ್ಡಿಯಲ್ಲಿ ಒಮ್ಮೆ, ಓಡಿ ಬಂದು ಮೈ ಒರೆಸಿ ಒಣ ಚಡ್ಡಿಯಲ್ಲಿ ಇನ್ನೊಮ್ಮೆ. 600 ಗ್ರಾಂ ಕಮ್ಮಿ ಬಂತಾ? ಹೆಚ್ಚುಕಮ್ಮಿ 600 ಎಂಎಲ್ ನೀರು ಹೋಯ್ತು ಅಂತ ಲೆಕ್ಕ. ಬೇರೆ ದಿನ ಮನೆಗೆ ಬಂದು ಒಂದು ಚೊಂಬು ಕುಡಿದರೆ ಮುಗೀತು. ರೋಜಾದಲ್ಲಿ ಆ ಸಾಲ ಹೊತ್ತುಕೊಂಡೇ ಬಿಸಿಲಲ್ಲಿ ಸಂಜೆವರೆಗೆ ಓಡಾಡಬೇಕು. ಮಧ್ಯಾಹ್ನ ತಲೆ ಸಿಡಿಯುತ್ತೆ, ಮೂತ್ರ ಕಡು ಹಳದಿ, ಮೀನಖಂಡ ಹಿಡ್ಕೊಳ್ಳುತ್ತೆ. ಅದರ ಮೇಲೆ ಸಂಜೆ ಜಿಮ್‌ಗೆ ಹೋಗಿ ಸ್ಕ್ವಾಟ್ ಹೊಡೆದು ಎದ್ದರೆ ಕಣ್ಣು ಕತ್ತಲೆ. ಸಹರಿಯಲ್ಲಿ ಎರಡು ಲೀಟರ್ ಕುಡಿದು ಓಡ್ತೀನಿ ಅನ್ನೋರಿದ್ದಾರೆ. ಒಟ್ಟಿಗೆ ಸುರಿದುಕೊಂಡ ನೀರು ಬಹುಪಾಲು ಎರಡು ಮೂರು ಗಂಟೆಯಲ್ಲಿ ಆಚೆ ಹೋಗಿರುತ್ತೆ.

ಓಡಲೇಬೇಕಾದರೆ ಮಗ್ರಿಬ್‌ಗೆ 40 ನಿಮಿಷ ಇರುವಾಗ ಹೊರಡಿ, 25-30 ನಿಮಿಷ, ಪಕ್ಕದವರ ಜೊತೆ ಮಾತಾಡಿಕೊಂಡು ಹೋಗೋ ವೇಗದಲ್ಲಿ. ಕಳೆದ ನೀರು ಸ್ವಲ್ಪ ಹೊತ್ತಿಗೇ ವಾಪಸ್ ಸಿಗುತ್ತೆ. ಜಿಮ್ ಮಾತ್ರ ಇಫ್ತಾರ್ ಆದಮೇಲೇ: ಖರ್ಜೂರ, ನೀರು, ಒಂದು ಬಟ್ಟಲು ಗಂಜಿ, ನಮಾಜ್, ಮುಕ್ಕಾಲು ಗಂಟೆ ಬಿಟ್ಟು ಶುರು. ಸಮೋಸ, ಬಜ್ಜಿ ತಿಂದು ಭಾರ ಎತ್ತಿದರೆ ಎಣ್ಣೆ ತೇಗು ಗಂಟಲಿಗೆ ಬರುತ್ತೆ. ವಾರಕ್ಕೆ ಮೂರು ದಿನ ಸಾಕು. ಎತ್ತೋ ತೂಕ ಇಳಿಸಬೇಡಿ, ಸೆಟ್ (ಒಂದು ವ್ಯಾಯಾಮದ ಸುತ್ತು) ಇಳಿಸಿ, ನಾಲ್ಕಿದ್ದರೆ ಎರಡು. ತೋಳು ಉಳಿಯೋದು ಹಾಗೆ. ಆಮೇಲೆ ರಂಜಾನ್ ರಾತ್ರಿಯ ನಮಾಜ್ ತರಾವೀಹ್‌ನ 20 ರಕಾತ್ (ನಿಂತು, ಬಾಗಿ, ಏಳೋ ಸುತ್ತು) ಇದೆ, ಕಾಲಿನ ವ್ಯಾಯಾಮ ಹಗುರವಾಗಿರಲಿ.

70 ಕೆ.ಜಿ. ಮೈಗೆ ದಿನಕ್ಕೆ ಸುಮಾರು 110 ಗ್ರಾಂ ಪ್ರೋಟೀನ್ ಬೇಕು. ಸಹರಿಗೆ ಮೂರು ಮೊಟ್ಟೆ, ಒಂದು ಬಟ್ಟಲು ಗಟ್ಟಿ ಮೊಸರು, ಅಕ್ಕಿರೊಟ್ಟಿ ಜೊತೆ ಹೆಸರುಕಾಳಿನ ಪಲ್ಯ: ಮೂವತ್ತರ ಹತ್ತಿರ ಆಯ್ತು. ರಾತ್ರಿ ಬೇಯಿಸಿದ ಕೋಳಿ 200 ಗ್ರಾಂ ಅಂದರೆ ಇನ್ನೊಂದು ಐವತ್ತು. ಉಳಿದದ್ದು ಹಾಲು, ಕಡಲೆಯಲ್ಲಿ. ನೀರು ಇಫ್ತಾರ್‌ಗೆ ಎರಡು ಲೋಟ, ಮಲಗೋವರೆಗೆ ಗಂಟೆಗೊಂದು, ಸಹರಿಗೆ ಎರಡು. ಗಂಜಿ, ಮಜ್ಜಿಗೆ ಬೇರೆ. ಜಿಮ್ ಇರೋ ದಿನ ಒಂದು ಲೀಟರ್ ನೀರಿಗೆ ಆರು ಚಪ್ಪಟೆ ಟೀ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಕದಡಿ, ಲೋಟ ಲೋಟವಾಗಿ ಕುಡಿಯಿರಿ. ಕಾಫಿಯನ್ನು ರಂಜಾನ್‌ಗೆ ಒಂದು ವಾರ ಮುಂಚಿನಿಂದಲೇ ಕಮ್ಮಿ ಮಾಡ್ತಾ ಬನ್ನಿ. ಮೊದಲ ದಿನಗಳ ತಲೆನೋವಿಗೆ ಅದು ಬಿಟ್ಟದ್ದೂ ಒಂದು ಕಾರಣ. ನಮ್ಮ ಮಲೆನಾಡಿನವರಿಗೆ ಕಷ್ಟ, ಗೊತ್ತು.

ಇನ್ನು ಹೊಟ್ಟೆ ಕರಗಿಸೋದು. ಈ ತಿಂಗಳಿಗೆ ಆ ಗುರಿಯೇ ತಪ್ಪು ಅಂತ ನನ್ನ ವಾದ. ರಂಜಾನ್‌ನಲ್ಲಿ ಸಾಮಾನ್ಯವಾಗಿ ಇಳಿಯೋದು ಒಂದೆರಡು ಕೆ.ಜಿ., ಅದರಲ್ಲಿ ನೀರೂ ಸೇರಿರುತ್ತೆ. ಹಬ್ಬದ ಶೀರ್ ಖುರ್ಮಾ (ಶಾವಿಗೆ ಪಾಯಸ), ಬಿರಿಯಾನಿ ಶುರುವಾದರೆ ವಾಪಸ್. ಇರೋದನ್ನ ಉಳಿಸಿಕೊಳ್ಳಿ, ಹೊಟ್ಟೆ ವಿಚಾರ ಹಬ್ಬ ಕಳೆದ ಮೇಲೆ.

ಶುಗರ್ ಇರೋ ನಿಮ್ಮ ತಂದೆಯವರೂ ಜೊತೆಗೆ ನಡೆಯೋಕೆ ಬರ್ತಾರೆ ಅಂದಿದ್ದೀರಿ. ಮಾತ್ರೆ ಅಥವಾ ಇನ್ಸುಲಿನ್ ಪ್ರಮಾಣ, ಹೊತ್ತು ಎರಡನ್ನೂ ಡಾಕ್ಟರ್ ಹತ್ತಿರ ಮೊದಲೇ ಬದಲಾಯಿಸಿಕೊಳ್ಳಲಿ. ಗ್ಲುಕೋಮೀಟರ್ ಜೇಬಲ್ಲಿರಲಿ. ಬೆರಳು ಚುಚ್ಚಿ ನೋಡಿದರೆ ರೋಜಾ ಮುರಿಯಲ್ಲ. 70ಕ್ಕಿಂತ ಕೆಳಗೆ ಅಥವಾ 300ಕ್ಕಿಂತ ಮೇಲೆ ಬಂದರೆ ಅಜಾನ್‌ಗೆ ಹತ್ತೇ ನಿಮಿಷ ಇದ್ದರೂ ಕಾಯದೆ ರೋಜಾ ಬಿಡಬೇಕು. ಕೆಳಗೆ ಹೋಗಿದ್ದರೆ ಮೂರು ಟೀ ಚಮಚ ಸಕ್ಕರೆ ನೀರಲ್ಲಿ ಕದಡಿ ಕೊಡಿ, ಕಾಲು ಗಂಟೆ ಬಿಟ್ಟು ಮತ್ತೆ ಚುಚ್ಚಿ ನೋಡಿ.